ಫ್ಲೈ ಕಟ್ಟುವ ಕಿಟ್ ತರಿಸುವ ಮೊದಲು

ಕಳೆದ ಮಳೆಗಾಲದಲ್ಲಿ, ಮೀನು ಹಿಡಿಯಲು ಅಳಿವೆ ಕಡೆ ಹೋಗಲಿಕ್ಕೇ ಆಗದಷ್ಟು ಗಾಳಿ ಇದ್ದಾಗ, ಆನ್‌ಲೈನ್‌ನಲ್ಲಿ ಒಂದು ಫ್ಲೈ ಕಟ್ಟುವ ಕಿಟ್ ತರಿಸಿದೆ. 3,200 ರೂಪಾಯಿ. ಗಾಳವನ್ನು ಹಿಡಿದಿಡುವ ವೈಸ್, ನೂಲಿನ ಸುರುಳಿ ಹಿಡಿಯುವ ಬಾಬಿನ್, ಕತ್ತರಿ, ಗಂಟು ಹಾಕುವ ವಿಪ್ ಫಿನಿಷರ್, ನಾಲ್ಕು ಬಣ್ಣದ ನೂಲು, ಒಂದು ಚೀಲ ಗರಿ, 50 ಗಾಳ. ಒಂದು ವರ್ಷ ಬಳಸಿದ್ದೇನೆ. ಮಂಗಳೂರು, ಉಡುಪಿ ಕಡೆಯವರು ಇಂಥದ್ದನ್ನೇ ತರಿಸಿದರೆ ಅರ್ಧ ದುಡ್ಡು ದಂಡ.

ಫ್ಲೈ ಅಂದರೆ ಗಾಳಕ್ಕೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳವೋ ಮರಿಮೀನೋ. ಅದಕ್ಕೆ ಹೆಚ್ಚು ತೂಕ ಇಲ್ಲ, ದಪ್ಪ ದಾರದ ಭಾರಕ್ಕೇ ಅದು ದೂರ ಹೋಗಿ ಬೀಳುವುದು.

ಕಿಟ್‌ನ ಗಾಳ ಎಲ್ಲ 12, 14 ನಂಬರಿನವು. ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು. ತಣ್ಣನೆ ಬೆಟ್ಟದ ಹೊಳೆಯ ಟ್ರೌಟ್ ಮೀನಿಗೆ ಸರಿ. ನೇತ್ರಾವತಿ, ಫಲ್ಗುಣಿ ಸೇರುವಲ್ಲಿ ಮೀನು ತಿನ್ನುವುದು ಸಿಗಡಿ, ಬೂತಾಯಿ ಮರಿ, ಅಲ್ವಾ? ಇಲ್ಲಿಗೆ 1/0, 2/0 ನಂಬರಿನ ದೊಡ್ಡ ಗಾಳ ಬೇಕು (/0 ಇರುವುದರಲ್ಲಿ ಮಾತ್ರ ನಂಬರ್ ಜಾಸ್ತಿಯಾದಷ್ಟೂ ಗಾಳ ದೊಡ್ಡದು). ಅದೂ ಸ್ಟೈನ್‌ಲೆಸ್ ಸ್ಟೀಲ್. ಕಿಟ್‌ನ ಗಾಳದಲ್ಲಿ ಕಟ್ಟಿದ ಒಂದು ಬಿಳಿ ಫ್ಲೈಯನ್ನು ಉಪ್ಪುನೀರಿಗೆ ಹಾಕಿ, ಹಾಗೇ ಡಬ್ಬಿಯಲ್ಲಿಟ್ಟಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಗರಿಯ ಬುಡಕ್ಕೆಲ್ಲ ಕೆಂಪು ಕಲೆ ಹತ್ತಿತ್ತು, ಗಾಳದ ಮೊನೆಯನ್ನು ಉಗುರಲ್ಲಿ ಉಜ್ಜಿದರೆ ತುಕ್ಕಿನ ಪುಡಿ ಬಂತು.

ಬಾಬಿನ್ ಇನ್ನೂ ಬೇಸರ ತರಿಸಿತು. ನೂಲು ಹೊರಗೆ ಬರುವ ಕೊಳವೆಯ ಬಾಯಿ ನಯವಾಗಿಲ್ಲ. ಹತ್ತು ನಿಮಿಷ ಕೂತು ಅರ್ಧ ಕಟ್ಟಿರುತ್ತೀರಿ, ಸ್ವಲ್ಪ ಬಿಗಿ ಮಾಡಿದ ಕೂಡಲೇ ಪಟ್ ಅಂತ ನೂಲು ತುಂಡು, ಸುತ್ತಿದ್ದೆಲ್ಲ ಬಿಚ್ಚಿಹೋಗುತ್ತದೆ. ಸೆರಾಮಿಕ್ ಕೊಳವೆಯ ಬಾಬಿನ್ ಬೇರೆ ತರಿಸಿದ ಮೇಲೆ ಆ ಕಾಟ ಇಲ್ಲ. ವೈಸ್ ಸಣ್ಣ ಗಾಳವನ್ನು ಗಟ್ಟಿ ಹಿಡಿಯುತ್ತದೆ, 1/0 ಇಟ್ಟರೆ ಜಾರುತ್ತದೆ. ಕತ್ತರಿ, ವಿಪ್ ಫಿನಿಷರ್ ಮಾತ್ರ ನಿಜವಾಗಿ ಚೆನ್ನಾಗಿವೆ, ಇವತ್ತಿಗೂ ಅವನ್ನೇ ಬಳಸುತ್ತೇನೆ.

ಗರಿ, ಮಿಂಚುವ ಜರಿ ಎಲ್ಲ ಊರಲ್ಲೇ ಸಿಗುತ್ತದೆ. ಊರ ಕೋಳಿ ಮಾರುವವರ ಹತ್ತಿರ ಹುಂಜದ ಕುತ್ತಿಗೆಯ ಗರಿ ಕೇಳಿದೆ. "ಗರಿ ಎಂತಕ್ಕೆ ಮಾರಾಯ್ರೆ?" ಅಂದರು, ಮೀನಿಗೆ ಅಂದಾಗ ಒಂದು ಚೀಲ ಸುಮ್ನೆ ಕೊಟ್ಟರು. ಪಾತ್ರೆ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿಡಿ. ಆಟಿ ತಿಂಗಳ ತೇವಕ್ಕೆ ಬೂಸ್ಟು ಬರುತ್ತದೆ, ಆಗಾಗ ತೆಗೆದು ನೋಡುತ್ತಿರಿ. ಬೂತಾಯಿ ಹೊಟ್ಟೆಯ ಹೊಳಪಿಗೆ ಫ್ಯಾನ್ಸಿ ಅಂಗಡಿಯ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಜರಿ ಸಾಕು. ಲೋಹದ ಜರಿ ಉಪ್ಪುನೀರಿಗೆ ಕಪ್ಪಾಗುತ್ತದೆ.

ನಾನು ಜಾಸ್ತಿ ಕಟ್ಟುವುದು ಕ್ಲೌಸರ್ ಮಿನ್ನೋ ಅನ್ನುವ ಫ್ಲೈ. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಅಲ್ಲಿನ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆ ಅಂತ ಮಾಡಿದ್ದು, ಉಪ್ಪುನೀರಿನಲ್ಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಇದರಲ್ಲಿ ಲೋಹದ ಎರಡು ಕಣ್ಣುಗಳನ್ನು ಗಾಳದ ದಂಟಿನ ಮೇಲ್ಬದಿಗೆ ಕಟ್ಟಬೇಕು. ಆ ಭಾರಕ್ಕೆ ನೀರಲ್ಲಿ ಫ್ಲೈ ಮಗುಚಿ, ಮೊನೆ ಮೇಲಾಗುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೆ ಸಿಕ್ಕಿಬೀಳುವುದು ಎಷ್ಟೋ ಕಡಿಮೆ. ಎಳೆದು ನಿಲ್ಲಿಸಿದರೆ ಮೂಗು ಕೆಳಗೆ ಮಾಡಿ ಇಳಿಯುತ್ತದೆ, ಮತ್ತೆ ಎಳೆದರೆ ಏಳುತ್ತದೆ. ನೀರು ತಿಳಿಯಾಗಿದ್ದಾಗ ಕಾಲಬುಡದಲ್ಲೇ ಇದನ್ನು ನೋಡಬಹುದು, ನನಗಂತೂ ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಕಣ್ಣಿಗೆ ಕೀಚೈನ್‌ನ ಸ್ಟೀಲ್ ಮಣಿಸರದಿಂದ ಎರಡೆರಡು ಮಣಿ ಕತ್ತರಿಸಿಕೊಳ್ಳುತ್ತೇನೆ, ಸೀಸದ್ದಕ್ಕಿಂತ ಹಗುರ, ಆಳ ಇಲ್ಲದಲ್ಲಿ ಅದೇ ಒಳ್ಳೆಯದು. ಮೂಲದಲ್ಲಿ ಬಾಲಕ್ಕೆ ಜಿಂಕೆ ಬಾಲದ ಕೂದಲು. ನಮ್ಮ ಕಾಡಿನ ಜಿಂಕೆಯದ್ದಕ್ಕೆ ಕೈ ಹಾಕಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ವೇಷಕ್ಕೆ ಹಾಕುವ ಬಿಳಿ ನೈಲಾನ್ ಗಡ್ಡದಿಂದ ಒಂದು ಎಸಳು ತೆಗೆದು ಕಟ್ಟಿ, ನೀರಲ್ಲಿ ಚೆನ್ನಾಗಿ ಆಡುತ್ತದೆ.

ಕಿಟ್‌ಗೆ ಐದರಲ್ಲಿ ಎರಡು. ಅದೇ ದುಡ್ಡಿನಲ್ಲಿ ವೈಸ್, ಬಾಬಿನ್, ಕತ್ತರಿ ಬಿಡಿಬಿಡಿಯಾಗಿ ತಗೊಳ್ಳಿ, ವೈಸ್ ತರಿಸುವಾಗ 2/0 ಗಾಳ ಹಿಡಿಯುತ್ತದಾ ಅಂತ ಮೊದಲೇ ಕೇಳಿ.