ಕೆಟ್ಟ ವೆನೀರ್ ತೆಗೆಸಿದ ಮೇಲೆ: ಕಾಂಪೊಸಿಟ್ಟೋ, ಕ್ಯಾಪೋ, ಮತ್ತೆ ಪಿಂಗಾಣಿಯೋ?

ನನ್ನ ಓಟು ಕಾಂಪೊಸಿಟ್‌ಗೆ, ಅಂದರೆ ಹಲ್ಲಿನ ಮೇಲೇ ನೇರವಾಗಿ ಹಚ್ಚಿ ಗಟ್ಟಿಮಾಡುವ ಹಲ್ಲಿನ ಬಣ್ಣದ ರಾಳಕ್ಕೆ. ಮೇಲಿನ ಆರು ಮುಂದಿನ ಹಲ್ಲುಗಳಿಗೆ ಪಿಂಗಾಣಿ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕಿಸಿಕೊಂಡು ಏಳು ತಿಂಗಳು ನೋವು ತಿಂದವಳು ನಾನು. ಈಗ ಐದು ಹಲ್ಲಿಗೆ ಕಾಂಪೊಸಿಟ್ ಇದೆ. ಒಂದಕ್ಕೆ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿದೆ. ಹಾಗಾಗಿ ಮೂರೂ ಹೇಗಿರುತ್ತವೆ ಅಂತ ನನ್ನ ಬಾಯಿಗೇ ಗೊತ್ತು.

ತಪ್ಪಾಗಿದ್ದು ತೇಯುವುದರಲ್ಲಿ. ವೆನೀರ್‌ಗೆ ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೇಯ್ದರೆ ಸಾಕು. ಒಸಡಿನ ಹತ್ತಿರ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಇರುವುದೇ ತೆಳ್ಳಗೆ, ಅಲ್ಲಿ ಇನ್ನೂ ಕಡಿಮೆ ತೇಯಬೇಕು. ನನ್ನ ಹಲ್ಲುಗಳನ್ನು ಅದರ ಒಳಗಿನ ಪದರವಾದ ಡೆಂಟಿನ್ ಕಾಣುವವರೆಗೆ ತೇಯ್ದಿದ್ದರು. ಬಾಯಿ ತೆರೆದು ಉಸಿರು ಎಳೆದರೂ ಜುಮ್ ಎನ್ನುತ್ತಿತ್ತು. ಅಂಚುಗಳೂ ಸರಿಯಾಗಿ ಕೂತಿರಲಿಲ್ಲ. ಫ್ಲಾಸ್ ಹಾಕಿದರೆ ದಾರ ಎಳೆಎಳೆಯಾಗಿ ಹರಿದು, ರಕ್ತ ಅಂಟಿಕೊಂಡು ಬರುತ್ತಿತ್ತು.

ಮೊದಲು ಪೇಸ್ಟ್ ಮತ್ತು ಮಾತ್ರೆಯಲ್ಲೇ ಸುಧಾರಿಸಿಕೊಳ್ಳಲು ನೋಡಿದೆ. ಹಲ್ಲು ಜುಮ್ ಎನ್ನುವುದನ್ನು ತಗ್ಗಿಸುವ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಒಂದೆರಡು ದಿನಕ್ಕೆ ಕೆಲಸ ಮಾಡುವುದಿಲ್ಲ, ವಾರಗಟ್ಟಲೆ ಹಚ್ಚಬೇಕು. ಮೂರು ವಾರಕ್ಕೆ ಐದು ಹಲ್ಲು ಸ್ವಲ್ಪ ತಣ್ಣಗಾದವು. ಒಂದು ಮಾತ್ರ ಜಗ್ಗಲಿಲ್ಲ. ಲವಂಗದ ಎಣ್ಣೆಯನ್ನು ಏನೂ ಬೆರೆಸದೆ ಹಾಗೇ ಹಚ್ಚಿಬಿಟ್ಟೆ, ಒಸಡು ಸುಟ್ಟಿತು. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೇ ಡಾಕ್ಟರ್ ತಣ್ಣನೆಯ ಹತ್ತಿಯನ್ನು ಒಂದೊಂದೇ ಹಲ್ಲಿಗೆ ಒತ್ತಿ ನೋಡಿದರು. ಐದರಲ್ಲಿ ಹತ್ತಿ ತೆಗೆದ ತಕ್ಷಣ ನೋವು ಹೋಯಿತು. ಅಂದರೆ ಒಳಗಿನ ನರ ಸುಧಾರಿಸಿಕೊಳ್ಳಬಹುದು. ಆರನೆಯದರಲ್ಲಿ ಅರ್ಧ ನಿಮಿಷ ದಾಟಿದರೂ ನೋವು ಇಳಿಯಲಿಲ್ಲ. ರಾತ್ರಿ ಸುಮ್ನೆ ಮಲಗಿದ್ದಾಗ ಎಬ್ಬಿಸುತ್ತಿದ್ದದ್ದೂ ಅದೇ ಹಲ್ಲು. ಅದಕ್ಕೆ ರೂಟ್ ಕೆನಾಲ್ ಬಿಟ್ಟು ಬೇರೆ ದಾರಿ ಇರಲಿಲ್ಲ.

ಹಳೆಯ ವೆನೀರನ್ನು ಸುಮ್ನೆ ಕಿತ್ತು ತೆಗೆಯುವುದಕ್ಕೆ ಆಗುವುದಿಲ್ಲ, ಸಾಮಾನ್ಯವಾಗಿ ಕೊರೆದೇ ತೆಗೆಯುತ್ತಾರೆ. ಹಲ್ಲು ಮತ್ತು ಅಂಟಿನ ಬಣ್ಣ ಹೆಚ್ಚು ಕಡಿಮೆ ಒಂದೇ ಇರುವುದರಿಂದ ಅವಸರ ಮಾಡಿದರೆ ಉಳಿದ ಎನಾಮಲ್ಲೂ ಹೋಗುತ್ತದೆ. ಇವರು ನಿಧಾನವಾಗಿ, ಎರಡು ದಿನ ಕೂರಿಸಿ ತೆಗೆದರು.

ಈಗ ನನ್ನನ್ನು ಅತಿ ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ. ಹಲ್ಲಿನ ಎತ್ತರ. ಕಾಂಪೊಸಿಟ್ ಹಾಕಿದ ದಿನ, ಹಲ್ಲು ತಾಗಿದಲ್ಲಿ ಬಣ್ಣ ಹತ್ತಿಸುವ ನೀಲಿ ಕಾಗದ ಇಟ್ಟು "ಕಚ್ಚಿ ನೋಡಿ, ಸರಿ ಇದೆಯಾ?" ಅಂದರು. ಇಂಜೆಕ್ಷನ್‌ನಿಂದ ತುಟಿ, ಒಸಡು ಎಲ್ಲಾ ಮರಗಟ್ಟಿತ್ತು. ಎಲ್ಲಿ ಕಚ್ಚುತ್ತಿದ್ದೇನೆ ಅಂತಲೇ ಗೊತ್ತಾಗದೆ "ಹ್ಞೂಂ, ಸರಿ ಇದೆ" ಅಂದೆ. ಸಂಜೆ ಮರಗಟ್ಟಿದ್ದು ಬಿಟ್ಟಾಗ ಎಡಗಡೆಯ ಎರಡನೇ ಹಲ್ಲು ಎಲ್ಲಕ್ಕಿಂತ ಮೊದಲು ಕೆಳಗಿನ ಹಲ್ಲಿಗೆ ತಾಗುತ್ತಿತ್ತು. ಕೂದಲೆಳೆಯಷ್ಟೇ ಎತ್ತರ. ಮರುದಿನಕ್ಕೆ ಆ ಹಲ್ಲು ಬೇರಿನಿಂದಲೇ ನೋಯತೊಡಗಿತು. ಇದೂ ಕೆಟ್ಟಿತು ಅಂದುಕೊಂಡು ಅತ್ತುಬಿಟ್ಟೆ.

ಹಳೆಯ ವೆನೀರ್‌ನಲ್ಲೂ ಇದೇ ಆಗಿತ್ತು. ಆಗ "ಅಡ್ಜಸ್ಟ್ ಆಗುತ್ತೆ ಬಿಡಿ" ಅಂತ ಕಳಿಸಿದ್ದರು. ಇವರು ಹಾಗೆ ಮಾಡಲಿಲ್ಲ. ಇಂಜೆಕ್ಷನ್ ಇಲ್ಲದೆ ನೆಟ್ಟಗೆ ಕೂರಿಸಿ ಕಚ್ಚಿಸಿದರು. ಆಮೇಲೆ ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಜಾರಿಸಲು ಹೇಳಿದರು. ಕನ್ನಡಿಯಲ್ಲಿ ತೋರಿಸಿದರು: ಬೇರೆ ಹಲ್ಲುಗಳ ಮೇಲೆ ಮಸುಕು ನೀಲಿ ಗೆರೆ, ಆ ಒಂದರ ಮೇಲೆ ದಟ್ಟ ನೀಲಿ ಉಂಗುರ, ಅದರ ನಡುವೆ ಬಿಳಿ ಚುಕ್ಕೆ, ಅಂದರೆ ಅಲ್ಲೇ ಜೋರಾಗಿ ತಾಗುತ್ತಿತ್ತು. ಆ ಜಾಗವನ್ನು ಕೆಲವು ಸೆಕೆಂಡ್ ಉಜ್ಜಿದರು, ಅಷ್ಟೇ. ಮೂರು ದಿನದಲ್ಲಿ ನೋವು ಹೋಯಿತು. ಯಾವುದೇ ಹಲ್ಲಿನ ಕೆಲಸ ಆದರೂ ಮರಗಟ್ಟಿದ್ದು ಬಿಟ್ಟ ಮೇಲೆ ಇನ್ನೊಮ್ಮೆ ಕಚ್ಚಿಸಿ ನೋಡಿ ಅಂತ ಕೇಳಿಕೊಳ್ಳಿ. ಪಿಂಗಾಣಿಯಲ್ಲೂ ಉಜ್ಜಿ ಸರಿ ಮಾಡಬಹುದು. ಆದರೆ ಮೇಲಿನ ಹೊಳಪು ಪದರ ಹೋಗಿ ಒರಟಾಗುತ್ತದೆ. ಚೆನ್ನಾಗಿ ಪಾಲಿಶ್ ಮಾಡದಿದ್ದರೆ ಎದುರಿನ ಹಲ್ಲು ಸವೆಯುತ್ತದೆ.

ಹೊಳಪಿನಲ್ಲಿ ಪಿಂಗಾಣಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕಲೆಯೂ ಸುಲಭಕ್ಕೆ ಹಿಡಿಯುವುದಿಲ್ಲ. ಚೆನ್ನಾಗಿ ಕೂರಿಸಿದರೆ ಹತ್ತು ವರ್ಷಕ್ಕೂ ಜಾಸ್ತಿ ಬರುತ್ತದೆ. ಕಾಂಪೊಸಿಟ್‌ಗೆ ಐದಾರು ವರ್ಷ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವ ನನಗೆ ಆರು ತಿಂಗಳಿಗೊಮ್ಮೆ ಪಾಲಿಶ್ ಬೇಕೇ ಬೇಕು. ಡೆಂಟಿನ್ ಮೇಲೆ ಅಂಟು ಎನಾಮಲ್ ಮೇಲೆ ಹಿಡಿದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ ಎಂದೂ ಡಾಕ್ಟರ್ ಮೊದಲೇ ಹೇಳಿದ್ದರು.

ಬೇರೊಂದು ಕ್ಲಿನಿಕ್‌ನಲ್ಲಿ ಆರಕ್ಕೂ ಕ್ಯಾಪ್ ಹಾಕಿಸಿ ಅಂದಿದ್ದರು. ಕ್ಯಾಪ್‌ಗೆ ಹಲ್ಲನ್ನು ಸುತ್ತಲೂ ತೇಯಬೇಕು, ಹಿಂಭಾಗವನ್ನೂ ಬಿಡುವುದಿಲ್ಲ. ಮೊದಲೇ ಸೋತ ನರಕ್ಕೆ ಇನ್ನೊಂದು ಪೆಟ್ಟು ಯಾಕೆ? ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಉಳಿದಿದ್ದು ಸ್ವಲ್ಪವೇ ಆದ್ದರಿಂದ ಅದಕ್ಕೆ ಮಾತ್ರ ಹಾಕಿಸಿದೆ. ಅದು ಗಟ್ಟಿಯಾಗಿದೆ, ದೂರು ಇಲ್ಲ.

ಕಾಂಪೊಸಿಟ್‌ಗೆ ಹೊಸದಾಗಿ ಏನೂ ತೇಯಲಿಲ್ಲ. ಪಿಂಗಾಣಿಗೆ ಹೋಲಿಸಿದರೆ ಖರ್ಚೂ ಕಡಿಮೆ. ಒಮ್ಮೆಗೆ ಎರಡೆರಡು ಹಲ್ಲು ಮಾಡಿಸಿದ್ದರಿಂದ ಒಂದೇ ಸಲ ದುಡ್ಡು ಹೊಂದಿಸುವ ಕಷ್ಟ ಬರಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ನನಗಿದೆ, ಅದಕ್ಕೆ ರಾತ್ರಿ ಹಲ್ಲುಗಳ ಮೇಲೆ ಕೂರುವ ಗಟ್ಟಿ ಗಾರ್ಡ್ ಹಾಕಿಕೊಳ್ಳುತ್ತೇನೆ.

ಕಳೆದ ವಾರ ಗಾರ್ಡ್ ಹಾಕದೆ ಮಲಗಿದ್ದೆ. ಬೆಳಗ್ಗೆ ಕೋರೆಹಲ್ಲಿನ ತುದಿಯಲ್ಲಿ ಚಿಕ್ಕ ಚಕ್ಕೆ ಎದ್ದಿತ್ತು. ಇಂಜೆಕ್ಷನ್ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ತುಂಬಿಸಿಕೊಂಡು ಬಂದೆ. ಈ ಸಲ ಎಲ್ಲಿ ಕಚ್ಚುತ್ತಿದ್ದೇನೆ ಅಂತ ಅಲ್ಲೇ ಗೊತ್ತಾಯಿತು.