ಬಾಡಿಗೆ ಸೀನರಿ, ಥರ್ಮೊಕೋಲ್, ಕೋರಾ ಬಟ್ಟೆ, ಅಡಿಕೆ ದಬ್ಬೆ: ನಾಲ್ಕು ನಾಟಕ, ನಾಲ್ಕು ಗೋಡೆ

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ತಂಡ. ನಾಟಕದ ಸೆಟ್‌ಗೆಂದು ಎತ್ತಿಡುವ ದುಡ್ಡು 10,000 ರೂಪಾಯಿ ದಾಟುವುದಿಲ್ಲ. ಟೆಂಪೋ ಬಾಡಿಗೆಯೂ ಅದರಲ್ಲೇ ಬರಬೇಕು.

ಮೊದಲ ನಾಟಕಕ್ಕೆ ಸೀನರಿ ಬಾಡಿಗೆಗೆ ತಂದೆವು. ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುತ್ತಲೇ ಇರುತ್ತಾರಲ್ಲ, ಅರಮನೆ, ಕಾಡು, ಬೀದಿ ಎಲ್ಲ ಪರದೆಯೂ ಸಿದ್ಧ. ಸೀನರಿಯವರೇ ಬಂದು ಕಟ್ಟಿ, ಅವರೇ ಬಿಚ್ಚಿಕೊಂಡು ಹೋಗುತ್ತಾರೆ. ಪೌರಾಣಿಕವಾದರೆ ಕಣ್ಣು ಮುಚ್ಚಿ ಇದನ್ನೇ ತನ್ನಿ. ನಾವು ಆಡಿದ್ದು ವಠಾರದ ಕಥೆ. ಪರದೆ ಮೇಲೆ ಕೆಂಪು ಕಂಬ, ಚಿನ್ನದ ಬಳ್ಳಿ. ಮನೆ ಬಾಡಿಗೆ ಕಟ್ಟಲಾಗದ ಗುಮಾಸ್ತ ದುರ್ಯೋಧನನ ಆಸ್ಥಾನದಲ್ಲಿ ಕೂತು ಕಾಫಿ ಕುಡಿದ ಹಾಗಾಯಿತು. ಜನ ನಕ್ಕರು. ಅದು ಅಳುವ ದೃಶ್ಯ.

ಮುಂದಿನ ಸಲ ಥರ್ಮೊಕೋಲ್. ಹಗುರ, ಅಗ್ಗ, ಬ್ಲೇಡಿನಲ್ಲೇ ಕಿಟಕಿ ಕೊರೆಯಬಹುದು. ಆದರೆ ಸ್ಪ್ರೇ ಪೇಂಟ್ ಹೊಡೆದೆವು ನೋಡಿ, ಗೋಡೆ ಕಣ್ಣೆದುರೇ ಕರಗಿ ತೂತು ಬಿತ್ತು. ಅದಕ್ಕೆ ನೀರಿನ ಬಣ್ಣವೇ ಆಗಬೇಕು. ಎರಡು ಕೋಟ್ ಬಳಿದರೂ ಲೈಟ್ ಬಿದ್ದಾಗ ಆರತಕ್ಷತೆ ಸ್ಟೇಜಿನ ಕಳೆ ಹೋಗಲಿಲ್ಲ. ಬೆಂಕಿ ಬೇರೆ ಬೇಗ ಹಿಡಿಯುತ್ತದೆ, ಬಿಸಿ ಲೈಟಿನ ಹತ್ತಿರ ಇಡುವಂತಿಲ್ಲ. ಒಂದೇ ಶೋಗೆ ಮೂಲೆಗಳೆಲ್ಲ ಮುರಿದವು. ನನ್ನ ಮಟ್ಟಿಗೆ ಇದು ಸುಮ್ನೆ ದಂಡ.

ಕೈ ಹಿಡಿದದ್ದು ಬಟ್ಟೆ ಗೋಡೆ. ಎರಡಿಂಚು ಅಗಲದ ರೀಪರಿನಲ್ಲಿ, ಅಂದರೆ ಮರದ ಪಟ್ಟಿಯಲ್ಲಿ, ಎಂಟಡಿಗೆ ನಾಲ್ಕಡಿ ಚೌಕಟ್ಟು, ಮೂಲೆಗಳಿಗೆ ಪ್ಲೈವುಡ್ ತುಂಡು, ಮೇಲೆ ಕೋರಾ ಬಟ್ಟೆ. ಬಟ್ಟೆಯನ್ನು ತೀರಾ ಎಳೆದು ಮೊಳೆ ಹೊಡೆಯಬೇಡಿ. ಮೈದಾ ಅಂಟನ್ನು ತೆಳ್ಳಗೆ ಕಾಯಿಸಿ ಬಳಿದರೆ, ಒಣಗುವಾಗ ಬಟ್ಟೆ ತಾನೇ ಕುಗ್ಗಿ ತಮಟೆ ಹಾಗೆ ಬಿಗಿಯುತ್ತದೆ. ಇದು ಗೊತ್ತಿಲ್ಲದೆ ಮೊದಲ ಚೌಕಟ್ಟಿಗೆ ಬಲವಾಗಿ ಎಳೆದಿದ್ದೆವು. ಬೆಳಿಗ್ಗೆ ನೋಡಿದರೆ ರೀಪರೇ ಬಿಲ್ಲಿನಂತೆ ಬಾಗಿತ್ತು! ಅಂಟಿಗೆ ಚೂರು ಮೈಲುತುತ್ತ ಬೆರೆಸಿದರೆ ಹುಳು ಹಿಡಿಯುವುದಿಲ್ಲ. ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬೇಡಿ. ಮೇಲೆ ಡಿಸ್ಟೆಂಪರ್ ಬಳಿದರೆ ಹೊಳಪಿಲ್ಲದ ಗೋಡೆ, ಮೂರನೇ ಸಾಲಿನಿಂದ ನೋಡಿದರೆ ಥೇಟ್ ಸುಣ್ಣ ಹೊಡೆದದ್ದು. ಆರು ಗೋಡೆಗೆ 7,000 ಚಿಲ್ಲರೆ ಆಯಿತು. ಜಾಸ್ತಿ ಅನ್ನಿಸಬಹುದು. ಅವೇ ಗೋಡೆಗಳಿಗೆ ಬೇರೆ ಬಣ್ಣ ಬಳಿದು ಆಮೇಲೂ ಬಳಸಿದ್ದೇವೆ.

ಒಂದು ತಾಪತ್ರಯ ಮಾತ್ರ ಇದೆ. ಬಾಗಿಲು ಹಾಕಿದರೆ ಇಡೀ ಮನೆ ನಡುಗುತ್ತದೆ. ಬಾಗಿಲನ್ನು ಗೋಡೆಗೆ ಕಟ್ಟದೆ ಬೇರೆಯಾಗಿ ನಿಲ್ಲಿಸಿ, ಹಿಂದೆ ಓರೆಯಾಗಿ ಕೋಲು ಕೊಟ್ಟು, ಬುಡಕ್ಕೆ ಮರಳಿನ ಚೀಲ ಹೇರಿದ ಮೇಲೆ ನಡುಕ ನಿಂತಿತು.

ನಾಲ್ಕನೆಯದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಗುಬ್ಬಿ ಕಡೆಯ ತೋಟವೊಂದರಿಂದ ಕೇಳಿ ತಂದೆವು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆಯನ್ನೇ ತಂದಿತ್ತು. ಅದೇ ಊರಿನ ಕಡೆಯಿಂದ ನಮಗೆ ಸಿಕ್ಕಿದ್ದು ಎರಡು ಹೊರೆ ದಬ್ಬೆ! ಆದರೂ ನೋಡಲು ಇಷ್ಟು ಚೆನ್ನಾಗಿದ್ದ ಸೆಟ್ ನಾವು ಇನ್ನೊಂದು ಕಟ್ಟಿಲ್ಲ. ಬಣ್ಣವೇ ಬೇಡ. ಹಿಂದಿನಿಂದ ಒಂದೇ ಲೈಟ್ ಕೊಟ್ಟರೆ ಸಂದಿಗಳಿಂದ ಬೆಳಕು ನುಗ್ಗಿ ನೆಲದ ತುಂಬ ಗೆರೆ ಗೆರೆ ನೆರಳು. ನಾಟಕ ಮುಗಿದ ಮೇಲೆ ವಾಪಸ್ ಕೊಟ್ಟೆವು, ಖರ್ಚೆಂದರೆ ಟೆಂಪೋ ಮತ್ತು ಹಗ್ಗ. ಕೈಗೆಲ್ಲ ಸಿಬಿರು ಚುಚ್ಚಿತು, ಕಟ್ಟಲು ಅರ್ಧ ದಿನ ಹಿಡಿಯಿತು. ಹಟ್ಟಿ, ತೋಟದ ಮನೆಗೆ ಸರಿ. ಪೇಟೆ ಮನೆಯ ಕಥೆಗೆ ಒಗ್ಗುವುದಿಲ್ಲ.

ಈಗ ತಯಾರಾಗುತ್ತಿರುವ ನಾಟಕಕ್ಕೆ ಒಳಮನೆಗೆ ಬಟ್ಟೆ, ಹಿತ್ತಿಲಿಗೆ ದಬ್ಬೆ. ಬಾಗಿಲು ಮಾತ್ರ ನಿಜವಾದದ್ದೇ, ಹಳೇ ಮನೆ ಕೆಡವಿದ ಕಡೆಯಿಂದ ಪುಕ್ಕಟೆ ಸಿಕ್ಕಿತು. ಅದರ ತೂಕ ನೋಡಿ ಟೆಂಪೋದವನು 500 ಜಾಸ್ತಿ ಕೇಳಿದ್ದಾನೆ.