ರಾಮೇಶ್ವರದ ಕಲಾಂ ಸ್ಮಾರಕ: ಹದಿನೈದು ನಿಮಿಷದ ಜಾಗ ಅಲ್ಲ

ರಾಮೇಶ್ವರಕ್ಕೆ ಹೋದವರು ಅಬ್ದುಲ್ ಕಲಾಂ ಸ್ಮಾರಕಕ್ಕೆ ಕೊಡುವುದು ಹೆಚ್ಚೆಂದರೆ ಕಾಲು ಗಂಟೆ. ಬೆಳಗ್ಗೆ ಅಗ್ನಿತೀರ್ಥ, ಆಮೇಲೆ 22 ಬಾವಿಗಳ ಸ್ನಾನ, ದರ್ಶನ, ಮಧ್ಯಾಹ್ನ ಧನುಷ್ಕೋಡಿ, ವಾಪಸ್ ಹೊರಟಾಗ ದಾರಿಯಲ್ಲೇ ಸಿಗುತ್ತಲ್ಲ, ಇಳಿದು ಗೇಟಿನ ಮುಂದೆ ಒಂದು ಫೋಟೋ ಹೊಡೆದುಕೊಂಡು ಹೋದರಾಯಿತು ಅಂತ. ನಮ್ಮ ಪ್ಲಾನೂ ಅದೇ ಆಗಿತ್ತು. ಅಮ್ಮನಂತೂ "ನೀನು ನೋಡ್ಕೊಂಡು ಬಾ, ನಾನು ಆಟೋದಲ್ಲೇ ಕೂತಿರ್ತೀನಿ" ಅಂದಿದ್ದರು. ಆಟೋದವರೂ ಹದಿನೈದು ನಿಮಿಷ ಸಾಕು ಅಂದರು. ನಾವು ಹೊರಗೆ ಬಂದಾಗ ಒಂದೂವರೆ ಗಂಟೆ ಆಗಿತ್ತು. ಅವರು ವೇಟಿಂಗ್ ಅಂತ ಕೇಳಿದ ದುಡ್ಡು ಕೇಳಿ ಎದೆ ಧಸಕ್ಕೆಂದಿತು. ಕೊಟ್ಟೆ, ಇನ್ನೇನು ಮಾಡೋದು.

ಜಾಗದ ಹೆಸರು ಪೇಯ್ಕರುಂಬು. ದೇವಸ್ಥಾನದಿಂದ ನಾಲ್ಕೈದು ಕಿಲೋಮೀಟರ್, ಪಾಂಬನ್ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ. 2015ರ ಜುಲೈ 27ರಂದು ಕಲಾಂ ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಲೇ ಕುಸಿದುಬಿದ್ದು ಹೋದರಲ್ಲ, ಮೂರು ದಿನದ ಮೇಲೆ ಅವರನ್ನು ಮಣ್ಣು ಮಾಡಿದ್ದು ಇಲ್ಲೇ. ಸರಿಯಾಗಿ ಎರಡು ವರ್ಷಕ್ಕೆ, 2017ರ ಅದೇ ತಾರೀಖಿಗೆ, ಸ್ಮಾರಕ ಬಾಗಿಲು ತೆರೆಯಿತು. ಕಟ್ಟಿದ್ದು ಡಿಆರ್‌ಡಿಒ, ಅಂದರೆ ಅವರು ಕ್ಷಿಪಣಿ ಮಾಡುತ್ತಿದ್ದ ಸಂಸ್ಥೆಯೇ. ಸುಮಾರು 15 ಕೋಟಿ ಖರ್ಚು, ಒಂದು ವರ್ಷದ ಕೆಲಸ.

ಹೊರಗಿನ ನೋಟ ನನಗೆ ಅಷ್ಟೇನೂ ಹಿಡಿಸಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಇಂಡಿಯಾ ಗೇಟ್ ಥರ ದ್ವಾರ, ಹಿಂದೆ ರಾಷ್ಟ್ರಪತಿ ಭವನದ ಥರ ಗುಮ್ಮಟ. ಸಮುದ್ರದ ಊರಿನ ದೋಣಿಯವರ ಮಗನಿಗೆ ದೆಹಲಿ ಯಾಕಪ್ಪಾ ಬೇಕಿತ್ತು ಅನ್ನಿಸಿತು. ಆದರೆ ಕಟ್ಟಡಕ್ಕೆ ಸಾಮಾನು ಬಂದಿರುವುದು ದೇಶದ ಮೂಲೆ ಮೂಲೆಯಿಂದ. ಬಾಗಿಲು ತಂಜಾವೂರಿನದು, ಗೋಡೆಗೆ ಹಚ್ಚಿದ ಕಲ್ಲು ಜೈಸಲ್ಮೇರ್ ಮತ್ತು ಆಗ್ರಾದ್ದು, ಕಂಬಗಳು ಬೆಂಗಳೂರಿನವು, ಅಮೃತಶಿಲೆಯೂ ಕರ್ನಾಟಕದ್ದೇ. ಇದನ್ನು ಹೇಳಿದ ಮೇಲೆ ಅಮ್ಮ ಆಟೋದಿಂದ ಇಳಿದರು. ಒಂದು ಕಂಬಕ್ಕೆ ಅಂಗೈ ಒತ್ತಿ ನಿಂತು, "ತಣ್ಣಗಿದೆ ಕಣೋ" ಅಂದರು. ಆ ಬಿಸಿಲಲ್ಲಿ ಅದೇ ದೊಡ್ಡ ವಿಷಯ.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಮೊದಲು ಬೇಜಾರಾಯಿತು, ಆಮೇಲೆ ಇದೇ ಸರಿ ಅನ್ನಿಸಿತು. ಸೆಲ್ಫಿ ಗಲಾಟೆ ಇಲ್ಲ, ಜನ ನಿಂತು ನೋಡುತ್ತಾರೆ. ನಾಲ್ಕು ಹಾಲ್‌ಗಳಿವೆ. ಬಾಲ್ಯ ಮತ್ತು ಓದು ಒಂದರಲ್ಲಿ, ರಾಷ್ಟ್ರಪತಿಯಾಗಿದ್ದ ದಿನಗಳು ಒಂದರಲ್ಲಿ, ಇಸ್ರೋ–ಡಿಆರ್‌ಡಿಒ ಕಾಲದ್ದು ಒಂದು, ಕೊನೆಯದರಲ್ಲಿ ನಿವೃತ್ತಿಯಿಂದ ಶಿಲ್ಲಾಂಗ್‌ವರೆಗೆ.

ರಾಷ್ಟ್ರಪತಿ ಹಾಲನ್ನು ನಾನು ಬೇಗ ದಾಟಿಬಿಟ್ಟೆ. 2002ರಿಂದ 2007ರವರೆಗಿನ ಆ ಐದು ವರ್ಷ ಟಿವಿಯಲ್ಲಿ ನೋಡಿದ್ದೇ. ನಿಂತಿದ್ದು ಬಾಲ್ಯದ ಹಾಲ್‌ನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟರಂತೆ, ಪೇಪರ್ ಬಂಡಲ್‌ಗಳನ್ನು ಓಡುವ ರೈಲಿನಿಂದಲೇ ಎಸೆಯುತ್ತಿದ್ದರಂತೆ. ಊರಲ್ಲಿ ಪೇಪರ್ ಹಂಚುತ್ತಿದ್ದ ಸಂಬಂಧಿಕರೊಬ್ಬರಿಗೆ ಆ ಬಂಡಲ್ ಹಿಡಿಯಲು ಒಬ್ಬ ಹುಡುಗ ಬೇಕಿತ್ತು, ಇವರು ನಿಂತರು. ಈ ಕಥೆ ಎಲ್ಲರಿಗೂ ಗೊತ್ತು, ಶಾಲೆಯಲ್ಲಿ ಭಾಷಣಕ್ಕೆಲ್ಲ ಹೇಳಿಸುತ್ತಾರೆ. ಆದರೆ ನಾನು ಹೈಸ್ಕೂಲಲ್ಲಿ ಮೂರು ವರ್ಷ ಪೇಪರ್ ಹಾಕಿದವನು. ಬಂಡಲ್‌ನ ತೂಕ ಎಷ್ಟಿರುತ್ತೆ, ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಚ್ಚುವಾಗ ಬೆರಳಿಗೆ ಹೇಗೆ ಗೀರುತ್ತೆ, ಭಾನುವಾರ ಪುರವಣಿ ಸೇರಿಸುವಷ್ಟರಲ್ಲಿ ಕೈ ಹೇಗೆ ಕಪ್ಪಾಗುತ್ತೆ ಅಂತ ಗೊತ್ತು. ನನಗೆ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಇಳಿಸಿಟ್ಟಿರುತ್ತಿದ್ದರು. ಇವರದ್ದು ಓಡುವ ರೈಲಿಂದ ಬೀಳುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ರಾಕೆಟ್ ಹಾಲ್ ಮಕ್ಕಳಿಗೆ ಇಷ್ಟವಾಗುತ್ತೆ, ಮಾದರಿಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅಗ್ನಿ ಕ್ಷಿಪಣಿ ತೋರಿಸಿ ಮುಂದೆ ಹೋಗಬೇಡಿ, ಉಪಗ್ರಹ ಹೊತ್ತೊಯ್ಯುವ ಎಸ್‌ಎಲ್‌ವಿ–3 ರಾಕೆಟ್‌ನ ಕಥೆ ಹೇಳಿ. 1979ರ ಆಗಸ್ಟ್‌ನಲ್ಲಿ ಹಾರಿದ ಮೊದಲ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪ್ರಾಜೆಕ್ಟ್ ಡೈರೆಕ್ಟರ್ ಇವರೇ. ಆ ದಿನ ಪತ್ರಕರ್ತರ ಮುಂದೆ ಕೂತು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮಾತ್ರ "ನೀವೇ ಹೋಗಿ ಮಾತಾಡಿ" ಅಂತ ಇವರನ್ನು ಕಳಿಸಿದರು. ಇದನ್ನು ಕಲಾಂ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಇಂಥ ಬಾಸ್ ಸಿಕ್ಕವರು ಕೈ ಎತ್ತಿ ನೋಡೋಣ.

ಅಲ್ಲೇ ಅಮ್ಮನಿಗೆ ಇನ್ನೊಂದು ಹೇಳಿದೆ. ಇಸ್ರೋಗೆ ಹೋಗುವ ಮುಂಚೆ ಇವರು ಬೆಂಗಳೂರಿನಲ್ಲಿದ್ದರು, ಅಲ್ಲಿ ನೆಲ ಬಿಟ್ಟು ಸ್ವಲ್ಪ ಮೇಲೆ ತೇಲುವ ಒಂದು ಹೋವರ್‌ಕ್ರಾಫ್ಟ್ ಮಾಡಿದ್ದರು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದರಲ್ಲಿ ಕೂತು ಓಡಾಡಿದ್ದರು, ಅದರ ಹೆಸರು ನಂದಿ. ಅಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿ, "ರಾಮೇಶ್ವರದವರು ಇನ್ನೇನು ಹೆಸರಿಡ್ತಾರೆ" ಅಂದರು!

ಅವರ ಸ್ವಂತ ವಸ್ತುಗಳನ್ನು ಇಟ್ಟಿರುವ ಭಾಗವನ್ನು ತಪ್ಪಿಸಬೇಡಿ. 2006ರಲ್ಲಿ, 74ನೇ ವಯಸ್ಸಿನಲ್ಲಿ, ಪುಣೆಯಿಂದ ಸುಖೋಯ್ ಯುದ್ಧವಿಮಾನದಲ್ಲಿ ಹಾರಿದಾಗ ಹಾಕಿಕೊಂಡಿದ್ದ ಉಡುಪು ಅಲ್ಲಿದೆ. ಅವರ ವೀಣೆಯೂ ಇದೆ. ಅಮ್ಮ ಚಿಕ್ಕವರಿದ್ದಾಗ ಎರಡು ವರ್ಷ ವೀಣೆ ಕಲಿತವರು, ಮದುವೆಯಾದ ಮೇಲೆ ಮುಟ್ಟಿಲ್ಲ. ಆಟೋದಲ್ಲೇ ಕೂತಿರ್ತೀನಿ ಅಂದವರು ಅಲ್ಲಿಂದ ಕದಲಲೇ ಇಲ್ಲ. ವೇಟಿಂಗ್ ದುಡ್ಡಿನಲ್ಲಿ ಅರ್ಧ ಅವರ ಲೆಕ್ಕಕ್ಕೇ ಹೋಗಬೇಕು.

ಸಮಾಧಿ ಬಗ್ಗೆ ಬರೆಯೋಕೆ ಜಾಸ್ತಿ ಇಲ್ಲ. ಜನ ಮಾತು ನಿಲ್ಲಿಸುತ್ತಾರೆ, ಅಷ್ಟೇ.

ಮಾರನೇ ದಿನ ಮಸೀದಿ ಬೀದಿಯಲ್ಲಿರುವ ಅವರ ಮನೆಗೆ ಹೋದೆವು. ದೇವಸ್ಥಾನದಿಂದ ನಡೆದೇ ಹೋಗಬಹುದು. ಮೇಲಿನ ಮಹಡಿಯಲ್ಲಿ ಮ್ಯೂಸಿಯಂ ಇದೆ, ಅದರ ಮೇಲೆ ಶಂಖ, ಕಪ್ಪೆಚಿಪ್ಪಿನ ಅಂಗಡಿ. ಅಮ್ಮ ಒಂದು ಶಂಖ ತಗೊಂಡರು. ಸ್ಮಾರಕದಲ್ಲಿ ಕಾಣುವುದು ದೊಡ್ಡ ಮನುಷ್ಯ. ಈ ಬೀದಿಯಲ್ಲಿ ನಿಂತರೆ ಮಸೀದಿಗೂ ದೇವಸ್ಥಾನಕ್ಕೂ ನಡುವೆ ಓಡಾಡಿ ಬೆಳೆದ ಹುಡುಗ ಕಾಣುತ್ತಾನೆ. ಅವರ ಅಪ್ಪ ದೋಣಿಯಲ್ಲಿ ಯಾತ್ರಿಕರನ್ನು ಸಾಗಿಸುತ್ತಿದ್ದವರು, ಜೊತೆಗೆ ಆಡಿದ ಗೆಳೆಯ ದೇವಸ್ಥಾನದ ಮುಖ್ಯ ಅರ್ಚಕರ ಮಗ. ಅದಕ್ಕೇ ನನ್ನ ಸಲಹೆ, ನಾವು ಮಾಡಿದ್ದರ ಉಲ್ಟಾ ಮಾಡಿ. ಮನೆ ಮೊದಲು, ಸ್ಮಾರಕ ಆಮೇಲೆ. ಆಗ ಆ ಗುಮ್ಮಟ ಕೂಡ ಅಷ್ಟು ಕಣ್ಣಿಗೆ ಚುಚ್ಚಲಿಕ್ಕಿಲ್ಲ.

ನಮ್ಮ ಕಡೆಯಿಂದ ಹೋಗುವವರಿಗೆ ಮಧುರೈವರೆಗೆ ರೈಲು, ಅಲ್ಲಿಂದ ಬಸ್ಸಲ್ಲಿ ಸುಮಾರು 170 ಕಿಲೋಮೀಟರ್. ಹೊಸ ಪಾಂಬನ್ ಸೇತುವೆ 2025ರ ಏಪ್ರಿಲ್‌ನಲ್ಲಿ ಶುರುವಾದ ಮೇಲೆ ರೈಲು ಮತ್ತೆ ದ್ವೀಪದವರೆಗೂ ಹೋಗುತ್ತಿದೆ, ಸಮುದ್ರದ ಮೇಲೆ ರೈಲಲ್ಲಿ ಹೋಗೋ ಆಸೆ ಇದ್ದರೆ ಅದನ್ನೇ ನೋಡಿ. ಸ್ಮಾರಕಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆಟೋ ಹತ್ತುವ ಮುಂಚೆ ವೇಟಿಂಗ್ ಸೇರಿಸಿಯೇ ರೇಟ್ ಮಾತಾಡಿ, ಹದಿನೈದು ನಿಮಿಷ ಸಾಕು ಅಂದರೆ ನಂಬಬೇಡಿ.